ಮರಳೇ ಬಂಡವಾಳ: ರಿಮಿನಿಯ ಕಥೆ

ಇಟಲಿಯ ಪೂರ್ವ ದಂಡೆಯಲ್ಲಿ, ಆಡ್ರಿಯಾಟಿಕ್ ಸಮುದ್ರದ ಮಗ್ಗುಲಲ್ಲಿ ರಿಮಿನಿ ಅಂತ ಒಂದು ಊರಿದೆ. ಊರಿನ ಸಮುದ್ರದಂಡೆ ಸುಮಾರು 15 ಕಿಲೋಮೀಟರ್ ಉದ್ದ. ಜುಲೈ, ಆಗಸ್ಟ್ ಬಂತೆಂದರೆ ಅಲ್ಲಿ ಮರಳು ಕಣ್ಣಿಗೆ ಬೀಳುವುದೇ ಕಷ್ಟ. ಸಾಲು ಹಿಡಿದು ನೆಟ್ಟ ಕೊಡೆಗಳು, ಕೊಡೆಯ ಕೆಳಗೆ ಒರಗು ಕುರ್ಚಿಗಳು, ಕುರ್ಚಿಗಳ ಮೇಲೆ ಎಣ್ಣೆ ಹಚ್ಚಿಕೊಂಡು ಮಲಗಿದ ಜನ. ಊರಲ್ಲಿ ಸಾವಿರಕ್ಕೂ ಮಿಕ್ಕಿ ಹೋಟೆಲುಗಳಿವೆ. ಯುರೋಪಿನ ಕೂಲಿಕಾರ, ಗುಮಾಸ್ತ, ಶಾಲಾಮಾಸ್ತರ, ಇಂಥವರು ಸಂಸಾರ ಸಮೇತ ಸಮುದ್ರ ನೋಡಲು ಹೋಗಬಹುದು ಅನ್ನುವ ಧೈರ್ಯ ಕೊಟ್ಟ ಊರುಗಳಲ್ಲಿ ಇದಕ್ಕೆ ಮೊದಲ ಸಾಲಿನ ಮರ್ಯಾದೆ ಸಲ್ಲಬೇಕು.

ಈ ಊರಿನ ಚರಿತ್ರೆ ಹೇಳಲು ಕೂತಿದ್ದೇನೆ. ಅದರಲ್ಲೂ ನನಗೆ ಹೇಳಬೇಕೆನಿಸಿರುವುದು ಅಲ್ಲಿನ ಮರಳಿನ ಚರಿತ್ರೆ. ಯಾಕೆಂದರೆ ಎರಡು ಸಾವಿರ ವರ್ಷ ಆ ಮರಳನ್ನು ಕೇಳುವವರೇ ಇರಲಿಲ್ಲ. ಆಮೇಲೆ ಅದೇ ಮರಳಿಗಾಗಿ ವೈದ್ಯರು, ಜಮೀನ್ದಾರರು, ಸರ್ವಾಧಿಕಾರಿಗಳು, ಕೊನೆಗೆ ಅಡುಗೆಮನೆಯ ಹೆಂಗಸರು, ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದರು. ಊರನ್ನು ನಿಜವಾಗಿ ಗೆಲ್ಲಿಸಿದವರು ಕೊನೆಗೆ ಬಂದವರು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಬರುತ್ತೇನೆ.

ಮೊದಲು ರೋಮನ್ನರ ಕಾಲ. ಕ್ರಿ.ಪೂ. 268ರಲ್ಲಿ ರೋಮನ್ನರು ಇಲ್ಲಿ ಅರಿಮಿನುಂ ಅನ್ನುವ ವಸಾಹತು ಹೂಡಿದರು. ಅವರ ಕಣ್ಣಿದ್ದದ್ದು ಸಮುದ್ರಸ್ನಾನದ ಮೇಲಲ್ಲ, ರಸ್ತೆಗಳ ಮೇಲೆ. ರೋಮ್ ನಗರದಿಂದ ಪರ್ವತ ದಾಟಿ ಬರುವ ಫ್ಲಾಮಿನಿಯಾ ಹೆದ್ದಾರಿ ಕ್ರಿ.ಪೂ. 220ರಲ್ಲಿ ಇಲ್ಲಿಗೆ ಬಂದು ಮುಗಿಯಿತು. ಇಲ್ಲಿಂದ ಉತ್ತರದ ಬಯಲಿಗೆ ಹೋಗುವ ಎಮಿಲಿಯಾ ಹೆದ್ದಾರಿ ಕ್ರಿ.ಪೂ. 187ರಲ್ಲಿ ಶುರುವಾಯಿತು. ಊರಿನ ಒಂದು ತುದಿಯಲ್ಲಿ ಅಗಸ್ಟಸ್ ಚಕ್ರವರ್ತಿಯ ಗೌರವಕ್ಕೆ ಕ್ರಿ.ಪೂ. 27ರಲ್ಲಿ ಎತ್ತಿದ ಕಲ್ಲಿನ ಕಮಾನು. ಇನ್ನೊಂದು ತುದಿಯಲ್ಲಿ ಅದೇ ಅಗಸ್ಟಸ್ ಶುರುಮಾಡಿಸಿ ಟೈಬೀರಿಯಸ್ ಕಾಲಕ್ಕೆ, ಕ್ರಿ.ಶ. 21ರಲ್ಲಿ ಮುಗಿದ ಐದು ಕಮಾನಿನ ಸೇತುವೆ. ಎರಡೂ ಈಗಲೂ ನಿಂತಿವೆ. ಆ ಸೇತುವೆಯ ಮೇಲಂತೂ ತೀರಾ ಇತ್ತೀಚಿನವರೆಗೆ ಕಾರುಗಳು ಓಡಾಡುತ್ತಿದ್ದವು. ರುಬಿಕಾನ್ ಹೊಳೆ ದಾಟಿದ ಜೂಲಿಯಸ್ ಸೀಸರ್ ಕ್ರಿ.ಪೂ. 49ರಲ್ಲಿ ಮೊದಲು ಹೊಕ್ಕ ಊರೂ ಇದೇ. ಒಂದು ಕಮಾನು ರೋಮಿನ ದಾರಿಗೆ, ಒಂದು ಸೇತುವೆ ಉತ್ತರದ ದಾರಿಗೆ. ಬಂದರು ಇತ್ತು, ಮೀನುಗಾರರಿದ್ದರು, ಆದರೆ ಊರು ಮುಖ ಮಾಡಿದ್ದು ರಸ್ತೆಗಳ ಕಡೆಗೆ.

ಮಧ್ಯಯುಗದಲ್ಲೂ ಅಷ್ಟೇ. ಊರನ್ನು ಮಾಲಾತೆಸ್ತ ಮನೆತನ ಆಳಿತು. ದಾಂತೆ ತನ್ನ ನರಕಕಾಂಡದಲ್ಲಿ ತಂದ ಫ್ರಾಂಚೆಸ್ಕ ಮತ್ತು ಪಾವೊಲೊ, ಆ ನತದೃಷ್ಟ ಪ್ರೇಮಿಗಳು, ಇದೇ ಮನೆತನದ ಅತ್ತಿಗೆ ಮತ್ತು ಮೈದುನ. ಹದಿನೈದನೇ ಶತಮಾನದ ಸಿಜಿಸ್ಮೊಂದೊ ಮಾಲಾತೆಸ್ತ ಬಾಡಿಗೆ ಸೈನ್ಯಗಳ ದಂಡನಾಯಕ. ಅವನ ಮೇಲೆ ಪೋಪ್ ಎರಡನೇ ಪಿಯಸ್‌ಗೆ ಎಷ್ಟು ಸಿಟ್ಟೆಂದರೆ, ಬದುಕಿರುವಾಗಲೇ ಅವನನ್ನು ನರಕವಾಸಿ ಎಂದು ವಿಧಿವತ್ತಾಗಿ ಘೋಷಿಸಿದ. ಪುಣ್ಯವಂತರನ್ನು ಸಂತರೆಂದು ಸಾರುವ ವಿಧಿಯನ್ನೇ ತಲೆಕೆಳಗು ಮಾಡಿದ ಹಾಗೆ! ಈ ನರಕವಾಸಿಯೇ ಅಲ್ಬೆರ್ತಿಯಂಥ ವಾಸ್ತುಶಿಲ್ಪಿಯನ್ನು ಕರೆಸಿ ಹಳೆಯ ಚರ್ಚೊಂದಕ್ಕೆ ರೋಮನ್ ಕಮಾನಿನ ಕಲ್ಲಿನ ಮುಖ ಕಟ್ಟಿಸಿದ. ಪಿಯೆರೊ ದೆಲ್ಲಾ ಫ್ರಾಂಚೆಸ್ಕನಿಂದ ಭಿತ್ತಿಚಿತ್ರ ಬರೆಸಿದ. ಕಟ್ಟಡ ಪೂರ್ತಿಯಾಗಲಿಲ್ಲ. ಅದರ ಪಕ್ಕಗೋಡೆಯ ಗೂಡೊಂದರಲ್ಲಿ ಗ್ರೀಕ್ ದಾರ್ಶನಿಕ ಪ್ಲೆಥೊನನ ಅಸ್ಥಿ ಇದೆ. ಗ್ರೀಸಿಗೆ ದಂಡೆತ್ತಿ ಹೋದ ಸಿಜಿಸ್ಮೊಂದೊ ಕೊಳ್ಳೆಗಿಂತ ಹೆಚ್ಚಿನ ಅಕ್ಕರೆಯಿಂದ ತಂದದ್ದು ಅದನ್ನು. ಈ ಮನುಷ್ಯನ ಬಗ್ಗೆ ಬೇರೆಯದೇ ಒಂದು ಭಾಷಣ ಮಾಡಬಹುದು. ಇವತ್ತು ಬೇಡ, ಮರಳಿಗೆ ಹೋಗೋಣ.

ಆ ಮರಳು ಎಲ್ಲಿಂದ ಬಂತು? ಅಪೆನೈನ್ ಪರ್ವತಗಳಿಂದ ಇಳಿಯುವ ಮರೆಕ್ಕಿಯಾ ಮತ್ತು ಅದರಂಥ ನದಿಗಳು ಹೊತ್ತು ತಂದದ್ದು. ಇಲ್ಲಿ ದಂಡೆಯುದ್ದಕ್ಕೂ ಮರಳು ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತದೆ. ಬಂದರಿನ ಕಾಲುವೆಯ ಬಾಯಿ ಹೂಳದಿರಲಿ ಅಂತ ಊರಿನವರು ಸಮುದ್ರದೊಳಕ್ಕೆ ಕಲ್ಲಿನ ಕಟ್ಟೆ ಚಾಚಿದರು. ಸರಿಯುತ್ತಿದ್ದ ಮರಳು ಆ ಕಟ್ಟೆಗೆ ಡಿಕ್ಕಿ ಹೊಡೆದು ದಕ್ಷಿಣಕ್ಕೆ ಗುಡ್ಡೆ ಬಿತ್ತು. ಕಟ್ಟೆ ಉದ್ದವಾದಷ್ಟೂ ದಂಡೆ ಅಗಲವಾಯಿತು. ಬಂದರಿನ ದಕ್ಷಿಣಕ್ಕಿರುವ ಆ ವಿಶಾಲವಾದ, ಆಳವಿಲ್ಲದ, ಮಕ್ಕಳನ್ನು ಬಿಡಲು ಹೆದರಿಕೆಯಿಲ್ಲದ ದಂಡೆ ಹುಟ್ಟಿದ್ದು ಹೀಗೆ. ಬಂದರಿನ ಉತ್ತರಕ್ಕಿರುವ ಊರುಗಳಿಗೆ ಬರಬೇಕಾದ ಮರಳು ಬರಲಿಲ್ಲ. ಅಲ್ಲಿ ಕಡಲು ಕೊರೆಯುತ್ತಾ ಬಂತು, ಈಗ ಬಂಡೆಗಳ ತಡೆಗೋಡೆ ಹಾಕಿ ನಿಲ್ಲಿಸಿದ್ದಾರೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟದ ಲೆಕ್ಕಕ್ಕೇ ಬರೆದಿತ್ತು.

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಆ ದಂಡೆ ಬರೀ ಪಾಳು. ಮುಳ್ಳು, ಜೊಂಡು, ಬಲೆ ಒಣಗಿಸುವ ಜಾಗ. ಬದಲಾವಣೆ ಬಂದದ್ದು ವೈದ್ಯಕೀಯದಿಂದ. ಇಂಗ್ಲೆಂಡಿನ ರಿಚರ್ಡ್ ರಸೆಲ್ ಎಂಬ ವೈದ್ಯ 1750ರಲ್ಲಿ, ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರು ಮದ್ದು ಅಂತ ಲ್ಯಾಟಿನ್ನಿನಲ್ಲಿ ಬರೆದಿದ್ದ. ಆ ಗೀಳು ನಿಧಾನವಾಗಿ ಯುರೋಪಿನ ದಂಡೆಗಳನ್ನೆಲ್ಲ ಸುತ್ತಿ ಬಂತು. ಇಟಲಿಯ ಪಶ್ಚಿಮ ಕರಾವಳಿಯ ವಿಯಾರೆಜ್ಜೊದಲ್ಲಿ 1820ರ ದಶಕದ ಕೊನೆಗೇ ಸ್ನಾನಗೃಹಗಳು ಎದ್ದಿದ್ದವು. ರಿಮಿನಿಯ ಸರದಿ ಬಂದದ್ದು 1843ರ ಜುಲೈ 30ರಂದು. ಅಲೆಸ್ಸಾಂದ್ರೊ ಮತ್ತು ರುಜ್ಜೆರೊ ಬಾಲ್ದಿನಿ ಎಂಬ ಇಬ್ಬರು ಕೌಂಟರು ಮತ್ತು ಕ್ಲಾವ್ದಿಯೊ ತಿಂತೊರಿ ಎಂಬ ವೈದ್ಯ ಸೇರಿ ಊರಿನ ಮೊದಲ ಸಮುದ್ರಸ್ನಾನದ ಸಂಸ್ಥೆಯನ್ನು ತೆರೆದರು. ಆಗ ಊರು ಪೋಪರ ರಾಜ್ಯಕ್ಕೆ ಸೇರಿತ್ತು.

ಸಂಸ್ಥೆ ಅಂದರೆ ಏನು? ನೀರಿನಲ್ಲಿ ಕಂಬ ನೆಟ್ಟು ಮಾಡಿದ ಮರದ ಜಗಲಿ, ಬಟ್ಟೆ ಬದಲಿಸುವ ಗೂಡುಗಳು. ಗಂಡಸರಿಗೆ ಒಂದು ಮಗ್ಗುಲು, ಹೆಂಗಸರಿಗೆ ಒಂದು ಮಗ್ಗುಲು. ಬಿಸಿಲಿಗೆ ಯಾರೂ ಬರುತ್ತಿರಲಿಲ್ಲ. ಮೈ ಕಪ್ಪಾದರೆ ಹೊಲದ ಆಳು ಅಂತ ತಿಳಿದಾರು ಅನ್ನುವ ಭಯ. ವೈದ್ಯ ಹೇಳಿದಷ್ಟು ಮುಳುಗು, ಹೇಳಿದಷ್ಟು ಹೊತ್ತು, ಆಮೇಲೆ ಮೈ ಒರೆಸಿಕೊಂಡು ನೆರಳಿಗೆ. ಸಮುದ್ರ ಆಗ ಒಂದು ಕಷಾಯ, ಗುಟುಕು ಲೆಕ್ಕದಲ್ಲಿ ಕುಡಿಯಬೇಕಾದದ್ದು.

ಸ್ನಾನಕ್ಕೆ ಬಂದ ದೊಡ್ಡವರಿಗೆ ಸಂಜೆಗೆ ಏನಾದರೂ ಬೇಕಲ್ಲ. 1857ರ ಆಗಸ್ಟಿನಲ್ಲಿ, ಸರಿಯಾಗಿ ಸ್ನಾನದ ಋತುವಿನ ನಡುವೆ, ಊರಿನ ಹೊಸ ರಂಗಮಂದಿರ ಬಾಗಿಲು ತೆರೆಯಿತು. ಉದ್ಘಾಟನೆಗೆ ಜ್ಯೂಸೆಪ್ಪೆ ವೆರ್ದಿಯೇ ಬಂದು ತನ್ನ ‘ಅರೊಲ್ದೊ’ ಆಪೆರಾದ ಮೊದಲ ಪ್ರಯೋಗವನ್ನು ಅಲ್ಲಿ ಮಾಡಿಸಿದ. 1861ರಲ್ಲಿ ಬೊಲೊನ್ಯದಿಂದ ಅಂಕೋನಕ್ಕೆ ಹೋಗುವ ರೈಲುಮಾರ್ಗ ಬಂತು. ಒಳನಾಡಿನ ಶ್ರೀಮಂತರು ಕುದುರೆಗಾಡಿಯ ಕುಲುಕಾಟವಿಲ್ಲದೆ ಬಂದಿಳಿಯುವಂತಾಯಿತು. ಆದರೆ ಹಳಿಗಳನ್ನು ಹಾಕಿದ್ದು ಹಳೆಯ ಊರಿಗೂ ಸಮುದ್ರಕ್ಕೂ ನಡುವೆ. ಆಗ ಅದು ಯಾರಿಗೂ ತೊಡಕೆನಿಸಿರಲಿಕ್ಕಿಲ್ಲ, ಆಚೆ ಇದ್ದದ್ದು ಪಾಳು ತಾನೆ. ಮುಂದೆ ಆ ಪಾಳಿನಲ್ಲೇ ಎರಡನೇ ಊರು ಬೆಳೆದಾಗ ಹಳಿಗಳು ಗಡಿಯಾದವು. ಕಮಾನು, ಚರ್ಚು, ಗ್ರಂಥಾಲಯಗಳ ರಿಮಿನಿ ಒಂದು ಕಡೆ, ಕೊಡೆಗಳ ರಿಮಿನಿ ಇನ್ನೊಂದು ಕಡೆ. ವಾರವಿಡೀ ದಂಡೆಯಲ್ಲಿ ಕಳೆದು, ಹಳಿಯ ಆಚೆ ರೋಮನ್ ಸೇತುವೆ ಇದೆ ಅನ್ನುವುದೇ ಗೊತ್ತಿಲ್ಲದೆ ಮನೆಗೆ ಹೋದ ಪ್ರವಾಸಿಗಳು ಲಕ್ಷಗಟ್ಟಲೆ ಇರಬೇಕು.

ಬಾಲ್ದಿನಿಗಳ ಸಂಸ್ಥೆಗೆ ಲಾಭ ಹುಟ್ಟಲಿಲ್ಲ. 1860ರ ದಶಕದ ಕೊನೆಗೆ ವ್ಯವಹಾರವನ್ನು ಪುರಸಭೆಯೇ ಕೈಗೆ ತೆಗೆದುಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಹೊಲಗದ್ದೆಯ ಆದಾಯದ ಮೇಲೆ ಬದುಕಿದ್ದ ಊರಿನ ಹಿರಿಯರು, ಮರಳಿನ ಮೇಲೆ ಸಾರ್ವಜನಿಕರ ಹಣ ಹೂಡಲು ಒಪ್ಪಿದರು. 1873ರಲ್ಲಿ ಕುರ್ಸಾಲ್ ಎಂಬ ವಿಲಾಸಭವನ ಎದ್ದಿತು, ನೃತ್ಯಕ್ಕೆ, ಸಂಗೀತಕ್ಕೆ, ಓದಿಗೆ. ಪಕ್ಕದಲ್ಲೇ ಜಲಚಿಕಿತ್ಸಾಲಯ. ಅದರ ಉಸ್ತುವಾರಿಗೆ ಪಾವೊಲೊ ಮಾಂತೆಗಾಸ್ಸನನ್ನು ಕರೆತಂದರು. ಈತ ವೈದ್ಯ, ಮಾನವಶಾಸ್ತ್ರಜ್ಞ, ಜನಪ್ರಿಯ ಆರೋಗ್ಯ ಪುಸ್ತಕಗಳ ಲೇಖಕ. ನಮ್ಮ ಕಡೆಗೂ ಇವನ ಹೆಜ್ಜೆ ಬಿದ್ದಿದೆ: 1880ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದು, ನೀಲಗಿರಿಯನ್ನು ಹತ್ತಿ, ತೋಡರನ್ನು ಕಂಡು, ಅವರ ಬಗ್ಗೆ ಬರೆದ. ರಿಮಿನಿಗೆ ಇಂಥವನ ಹೆಸರು ಬೇಕಾಗಿತ್ತು. ಹೆಸರಾಂತ ವೈದ್ಯನ ಮಾತೇ ಆ ಕಾಲದ ಜಾಹೀರಾತು.

ಅದೇ ಹೊತ್ತಿಗೆ ಬಡವರ ಮಕ್ಕಳೂ ದಂಡೆಗೆ ಬಂದರು, ಬೇರೊಂದು ಬಾಗಿಲಿನಿಂದ. ಗಂಟಲ ಗಡ್ಡೆ, ಮೂಳೆ ಕ್ಷಯ, ಕುಪೋಷಣೆಗಳಿಂದ ನರಳುತ್ತಿದ್ದ ಮಕ್ಕಳಿಗಾಗಿ ದಾನಿಗಳ ಹಣದಿಂದ ಕಡಲಾಸ್ಪತ್ರೆಗಳು ಶುರುವಾದವು. ಕುರ್ಸಾಲಿನಲ್ಲಿ ವಾಲ್ಟ್ಸ್ ನೃತ್ಯ, ಒಂದಿಷ್ಟು ದೂರದಲ್ಲಿ ಬೊಲೊನ್ಯದಂಥ ಊರುಗಳ ಬಡಾವಣೆಗಳಿಂದ ಬಂದ ಮಕ್ಕಳು ಸಾಲಾಗಿ ನೀರಿಗಿಳಿಯುವುದು. ಎರಡೂ ಒಂದೇ ಸಮುದ್ರ.

1908ರ ಜುಲೈ 1ರಂದು ಗ್ರ್ಯಾಂಡ್ ಹೋಟೆಲ್ ತೆರೆಯಿತು. ಪಾವೊಲೊ ಸೊಮಾಸ್ಸಿ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, ಬೆಳ್ಳಗಿನ, ಬಳ್ಳಿಯಲಂಕಾರದ, ಎರಡು ಗುಮ್ಮಟಗಳಿದ್ದ ಅರಮನೆ. ಗುಮ್ಮಟಗಳು 1920ರ ಬೆಂಕಿಯಲ್ಲಿ ಹೋದವು, ಮತ್ತೆ ಕಟ್ಟಲಿಲ್ಲ. ಸುತ್ತ ಶ್ರೀಮಂತರ ಬೇಸಿಗೆ ಬಂಗಲೆಗಳು. ಊರಿನ ಸಾಮಾನ್ಯರು ಆ ಹೋಟೆಲಿನ ತೋಟದ ಬೇಲಿಯ ಆಚೆ ನಿಂತು, ಒಳಗಿನ ದೀಪಗಳನ್ನು ನೋಡಬಹುದಾಗಿತ್ತು. ಅಷ್ಟೇ.

ಹಾಗೆ ನೋಡಿದ ಹುಡುಗರಲ್ಲಿ ಒಬ್ಬ ಫೆದೆರಿಕೊ ಫೆಲಿನಿ. ಹುಟ್ಟಿದ್ದು 1920ರ ಜನವರಿ 20, ಇದೇ ಊರಲ್ಲಿ. ಊರು ಬಿಟ್ಟದ್ದು ಹದಿಹರೆಯ ಮುಗಿಯುವ ಮುಂಚೆ. ಊರಿನ ಸೋಮಾರಿ ಯುವಕರ ಮೇಲೆ 1953ರಲ್ಲಿ ‘ಇ ವಿತೆಲ್ಲೊನಿ’ ಚಿತ್ರ ತೆಗೆದ. ಬಾಲ್ಯದ ಊರನ್ನು ನೆನೆದು 1973ರಲ್ಲಿ ‘ಅಮರ್ಕೊರ್ದ್’ ತೆಗೆದ, ಅದಕ್ಕೆ ಆಸ್ಕರ್ ಬಂತು. ಸ್ವಾರಸ್ಯ ಏನೆಂದರೆ, ರಿಮಿನಿಯನ್ನು ಜಗತ್ತಿಗೆ ತೋರಿಸಿದ ಈ ಚಿತ್ರಗಳನ್ನು ಆತ ರಿಮಿನಿಯಲ್ಲಿ ತೆಗೆಯಲಿಲ್ಲ. ‘ಅಮರ್ಕೊರ್ದ್’ನ ಬೀದಿಗಳನ್ನು ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಕಟ್ಟಿಸಿದ. ಚಿತ್ರದಲ್ಲಿ ಕಾಣುವ ಗ್ರ್ಯಾಂಡ್ ಹೋಟೆಲ್ ಪಶ್ಚಿಮ ಕರಾವಳಿಯ ಅಂತ್ಸಿಯೊದ ಒಂದು ಕಟ್ಟಡ. ಊರಿನವರೆಲ್ಲ ರಾತ್ರಿ ದೋಣಿಗಳಲ್ಲಿ ಕಾದು ನೋಡುವ ‘ರೆಕ್ಸ್’ ಹಡಗು ಹಲಗೆಯದು, ಅಲೆಗಳು ಪ್ಲಾಸ್ಟಿಕ್ ಹಾಳೆಯವು. ನಿಜವಾದ ರೆಕ್ಸ್ ಓಡಾಡುತ್ತಿದ್ದದ್ದು ಜಿನೋವದಿಂದ ನ್ಯೂಯಾರ್ಕಿಗೆ, ಇಟಲಿಯ ಇನ್ನೊಂದು ಮಗ್ಗುಲಲ್ಲಿ. ಫೆಲಿನಿಗೆ ಇವೆಲ್ಲ ಗೊತ್ತಿತ್ತು. ಅವನು ಬಿಟ್ಟುಹೋದ ಊರು ಯುದ್ಧದಲ್ಲಿ ನೆಲಸಮವಾಗಿತ್ತು, ಅದರ ಜಾಗದಲ್ಲಿ ನಿಯಾನ್ ದೀಪಗಳ ಇನ್ನೊಂದು ಊರು ಎದ್ದಿತ್ತು. ಇದ್ದ ಊರಿನಲ್ಲಿ ಇಲ್ಲದ ಊರನ್ನು ಚಿತ್ರಿಸುವುದು ಹೇಗೆ? ಸ್ಟುಡಿಯೋ ಮೇಲು ಅನ್ನಿಸಿರಬೇಕು.

ಯುದ್ಧದ ಮಾತಿಗೆ ಮೊದಲು ಫ್ಯಾಸಿಸ್ಟರ ಎರಡು ದಶಕ. ಮುಸೊಲಿನಿಗೆ ಈ ದಂಡೆ ಇಷ್ಟ. 1922ರಲ್ಲಿ ರಿಮಿನಿಯಿಂದ ಬೇರ್ಪಟ್ಟು ಪ್ರತ್ಯೇಕ ಪುರಸಭೆಯಾದ ರಿಚ್ಚೊನೆಯಲ್ಲಿ ಅವನ ಸಂಸಾರದ ಬೇಸಿಗೆ ಮನೆ ಇತ್ತು. ಕಡಲಾಸ್ಪತ್ರೆಗಳ ಹಳೆಯ ದಾನಧರ್ಮವನ್ನು ಅವನ ಸರ್ಕಾರ ರಾಜಕೀಯ ತರಬೇತಿಯನ್ನಾಗಿ ಮಾಡಿತು. ‘ಕೊಲೊನಿಯ’ ಎಂಬ ಬೃಹತ್ ಮಕ್ಕಳ ವಸತಿಗಳು ದಂಡೆಯುದ್ದಕ್ಕೂ ಎದ್ದವು. ಮಿರಮಾರೆಯ ನೊವರೆಸೆ ಕೊಲೊನಿಯ, ಇನ್ನೂ ದಕ್ಷಿಣಕ್ಕೆ ಕತ್ತೊಲಿಕದ ಕೊಲೊನಿಯ, ಇವೆಲ್ಲ 1930ರ ದಶಕದವು, ಹಡಗಿನ ಆಕಾರದವು. ಬೆಳಗ್ಗೆ ಧ್ವಜವಂದನೆ, ಕವಾಯತು, ಸಾಮೂಹಿಕ ಸ್ನಾನ, ಸಾಮೂಹಿಕ ಜೈಕಾರ. 1931ರಿಂದ ಕಾರ್ಮಿಕರಿಗೆ ಅಗ್ಗದ ‘ಜನತಾ ರೈಲು’ಗಳು ಓಡಿದವು. ಉದ್ದೇಶ ಏನೇ ಇರಲಿ, ಒಳನಾಡಿನ ಲಕ್ಷಾಂತರ ಜನ ಜೀವನದಲ್ಲಿ ಮೊದಲ ಬಾರಿ ಸಮುದ್ರ ಕಂಡದ್ದು ಆ ರೈಲುಗಳಿಂದ ಇಳಿದಾಗ. ಕಂಡವರು ಮರೆಯಲಿಲ್ಲ. ಸರ್ವಾಧಿಕಾರಿ ಹೋದ, ಆಸೆ ಉಳಿಯಿತು.

1943ರ ನವೆಂಬರ್ 1ರಂದು ಮೊದಲ ಬಾಂಬುಗಳು ಬಿದ್ದವು. ಜರ್ಮನ್ ಸೈನ್ಯದ ‘ಗಾಥಿಕ್ ಲೈನ್’ ರಕ್ಷಣಾರೇಖೆ ಈ ದಂಡೆಯ ಹತ್ತಿರವೇ ಸಮುದ್ರಕ್ಕೆ ಬಂದು ಮುಟ್ಟುತ್ತಿತ್ತು. ಅದನ್ನು ಮುರಿದರೆ ಪೊ ನದಿಯ ಬಯಲಿಗೆ ಬಾಗಿಲು ತೆರೆದಂತೆ. ಒಂದು ವರ್ಷದೊಳಗೆ ಸುಮಾರು 400 ಬಾರಿ ಬಾಂಬು ದಾಳಿ ಆಯಿತು. ಪ್ರತಿ ಹತ್ತು ಕಟ್ಟಡಗಳಲ್ಲಿ ಎಂಟು ಬಿದ್ದವು ಇಲ್ಲವೇ ಜಖಂಗೊಂಡವು. ವೆರ್ದಿ ಬಂದಿದ್ದ ರಂಗಮಂದಿರದ ಸಭಾಂಗಣ ಹೋಯಿತು. ಜನ ಗುಡ್ಡದ ಮೇಲಿನ ಪುಟ್ಟ ಗಣರಾಜ್ಯ ಸ್ಯಾನ್ ಮರಿನೊಗೆ ಓಡಿ, ಅಲ್ಲಿನ ರೈಲು ಸುರಂಗಗಳಲ್ಲಿ ಜೀವ ಹಿಡಿದುಕೊಂಡಿದ್ದರು. 1944ರ ಸೆಪ್ಟೆಂಬರ್ 21ರಂದು ಗ್ರೀಕ್ ಪರ್ವತ ಬ್ರಿಗೇಡ್ ಮತ್ತು ಅದರ ಜೊತೆಗಿದ್ದ ಮಿತ್ರಪಡೆಗಳು ಊರು ಹೊಕ್ಕವು. ಇಷ್ಟೆಲ್ಲ ಉರುಳಿದ ಆ ಊರಿನಲ್ಲಿ ಎರಡು ಸಾವಿರ ವರ್ಷ ಹಳೆಯ ಟೈಬೀರಿಯಸ್ ಸೇತುವೆ ಗಟ್ಟಿಯಾಗಿ ನಿಂತಿತ್ತು.

ಈ ಕಾಳಗದಲ್ಲಿ ನಮ್ಮವರೂ ಇದ್ದರು. ರಿಮಿನಿಯ ಮೇಲಿನ ಗುಡ್ಡಗಳಲ್ಲಿ ಕಾದಾಡಿದ್ದು ನಾಲ್ಕನೇ ಭಾರತೀಯ ಡಿವಿಷನ್. ಗಾಯಾಳುಗಳನ್ನು ಹೊತ್ತು ತರುವಾಗ ಗುಂಡೇಟಿಗೆ ಸತ್ತ ಶೇರ್ ಬಹಾದುರ್ ಥಾಪಾಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂದದ್ದು ಸ್ಯಾನ್ ಮರಿನೊ ಬಳಿಯ ಹೋರಾಟಕ್ಕೆ. ಆ ಡಿವಿಷನ್ನಿನ ಸೇತುವೆ, ದಾರಿ, ನೆಲಬಾಂಬುಗಳ ಕೆಲಸ ನೋಡಿಕೊಂಡವರಲ್ಲಿ ಮದ್ರಾಸ್ ಸ್ಯಾಪರ್ಸ್‌ನವರಿದ್ದರು. ಅವರ ಕೇಂದ್ರ ಆಗಲೂ ಈಗಲೂ ನಮ್ಮ ಬೆಂಗಳೂರು, ಹಲಸೂರು ಕೆರೆಯ ಪಕ್ಕ. ರಿಮಿನಿಯಿಂದ ಸ್ಯಾನ್ ಮರಿನೊಗೆ ಹೋಗುವ ರಸ್ತೆಯ ಬದಿಯಲ್ಲಿ ಗೂರ್ಖಾ ಯುದ್ಧ ಸ್ಮಶಾನವಿದೆ; ಆರುನೂರಕ್ಕೂ ಹೆಚ್ಚು ಯೋಧರ ಸಮಾಧಿಗಳು, ಜೊತೆಗೆ ದಹನಸಂಸ್ಕಾರ ಪಡೆದ ಭಾರತೀಯ ಸೈನಿಕರ ಹೆಸರು ಕೆತ್ತಿದ ಸ್ಮಾರಕ. ಬೇಸಿಗೆಯಲ್ಲಿ ಆ ರಸ್ತೆಯ ಮೇಲೆ ಪ್ರವಾಸಿ ಬಸ್ಸುಗಳು ಬಿಡುವಿಲ್ಲದೆ ಓಡುತ್ತವೆ. ನಿಲ್ಲುವವು ಕಡಿಮೆ.

ಇನ್ನು ನನಗೆ ಹೆಚ್ಚು ಇಷ್ಟವಾದ ಭಾಗ.

ಯುದ್ಧ ಮುಗಿದಾಗ ಊರಿನ ಕೈಯಲ್ಲಿ ಇದ್ದದ್ದೇನು? ಕಲ್ಲುಮಣ್ಣಿನ ರಾಶಿ, ನೆಲಬಾಂಬು ಹೂತ ದಂಡೆ, ಕೆಲಸವಿಲ್ಲದ ಜನ. ಕಾರ್ಖಾನೆ ಇಲ್ಲ, ಗಣಿ ಇಲ್ಲ. ಹಾಳಾಗದೆ ಉಳಿದ ಆಸ್ತಿ ಮರಳೊಂದೇ. ಹಳೆಯ ಶ್ರೀಮಂತರ ಬಂಗಲೆಗಳು ಬಿದ್ದಿದ್ದವು, ಅವರು ಮತ್ತೆ ಬರುವ ಸೂಚನೆಯೂ ಇರಲಿಲ್ಲ. ಕುರ್ಸಾಲನ್ನು ಪುರಸಭೆ 1948ರಲ್ಲಿ ಕೆಡವಿಯೇ ಹಾಕಿತು. ರಿಪೇರಿ ಮಾಡಿ ಉಳಿಸಬಹುದಾಗಿತ್ತು ಅಂತ ಈಗ ಪೇಚಾಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದ ಊರಿಗೆ ಆ ನಾಚ್‌ಮನೆ ಯಾರದೋ ಹಳೆಯ ದರ್ಬಾರಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆಗ ಮುಂದೆ ಬಂದವರು ಮೀನುಗಾರರು, ಗೇಣಿ ರೈತರು, ಗಾರೆ ಕೆಲಸದವರು, ಅವರ ಹೆಂಡಂದಿರು. ಇದ್ದ ಎರಡು ಕೋಣೆಗಳನ್ನು ಬೇಸಿಗೆಗೆ ಬಾಡಿಗೆ ಕೊಟ್ಟು, ತಾವು ನೆಲಮಾಳಿಗೆಯಲ್ಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಮಲಗಿದರು. ಬಂದ ದುಡ್ಡಿನಲ್ಲಿ ಮರುವರ್ಷ ಮೂರನೇ ಕೋಣೆ, ಅದರ ಮರುವರ್ಷ ಮೇಲಂತಸ್ತು. ಚಳಿಗಾಲದಲ್ಲಿ ಗಂಡ ತಾನೇ ಗಾರೆ ಕಲಸಿ ಗೋಡೆ ಎತ್ತುತ್ತಿದ್ದ. ಹೀಗೆ ಮನೆ ‘ಪೆನ್ಸಿಯೊನೆ’ಯಾಯಿತು, ಅಂದರೆ ಊಟ ವಸತಿಯ ಪುಟ್ಟ ಖಾನಾವಳಿ. ಪೆನ್ಸಿಯೊನೆ ಮುಂದೆ ಹೋಟೆಲಾಯಿತು. ಇವತ್ತು ರಿಮಿನಿಯಲ್ಲಿ ಕಾಣುವ ನೂರಾರು ಸಣ್ಣ ಹೋಟೆಲುಗಳ ವಂಶಾವಳಿ ಬಿಡಿಸಿದರೆ ಬುಡದಲ್ಲಿ ಸಿಗುವುದು ಇಂಥ ಒಂದು ಬಾಡಿಗೆ ಕೋಣೆ.

ಅಡುಗೆಮನೆಯ ಅಧಿಪತಿ ‘ಅಜ್ದೊರ’. ರೊಮಾನ್ಯ ಸೀಮೆಯ ಒಕ್ಕಲುಮನೆಗಳಲ್ಲಿ ಯಜಮಾನಿಯನ್ನು ಹಾಗೆ ಕರೆಯುತ್ತಾರೆ. ಇಪ್ಪತ್ತು ಜನರ ಕೂಡುಕುಟುಂಬಕ್ಕೆ ಮೂರು ಹೊತ್ತು ಬೇಯಿಸಿ ಹಾಕುತ್ತಿದ್ದ ಹೆಂಗಸಿಗೆ, ಇಪ್ಪತ್ತು ಅತಿಥಿಗಳು ಏನು ಮಹಾ? ಮೊಟ್ಟೆ ಹಾಕಿ ನಾದಿದ ಹಿಟ್ಟನ್ನು ಲಟ್ಟಿಸಿ ತಲ್ಯಾತೆಲ್ಲೆ ಕೊಯ್ಯುವುದು, ಹಂಚಿನ ಮೇಲೆ ಪಿಯಾದಿನ ರೊಟ್ಟಿ ಬೇಯಿಸುವುದು, ಆಡ್ರಿಯಾಟಿಕ್‌ನ ಸಣ್ಣ ಮೀನು ಸುಡುವುದು, ಇವನ್ನು ಅವಳಿಗೆ ಯಾವ ಹೋಟೆಲು ಶಾಲೆಯೂ ಕಲಿಸಬೇಕಾಗಿರಲಿಲ್ಲ. ಮಗಳು ಬಡಿಸುವಳು, ಮಗ ಪೆಟ್ಟಿಗೆ ಹೊರುವನು. ಸಂಬಳದ ಲೆಕ್ಕವೇ ಇಲ್ಲವಾದ್ದರಿಂದ ದರ ಅಗ್ಗ. ಈ ಅಗ್ಗದ ದರದೊಳಗೆ ಹೆಂಗಸರ ಎಷ್ಟು ದುಡಿಮೆ ಸೇರಿತ್ತು ಅನ್ನುವುದನ್ನು ಮರೆತು, ರಿಮಿನಿಯ ಪವಾಡ ಅಂತ ಮಾತ್ರ ಹೊಗಳುವವರನ್ನು ಕಂಡರೆ ನನಗೆ ಕಿರಿಕಿರಿಯಾಗುತ್ತದೆ.

ದಂಡೆಯ ಮೇಲಿನ ಗಂಡಸು ‘ಬಾನ್ಯಿನೊ’. ಹಿಂದೆ ಬಲೆ ಎಳೆಯುತ್ತಿದ್ದವನು. ದಂಡೆ ಸರ್ಕಾರದ್ದು, ಅದರ ಒಂದೊಂದು ಪಟ್ಟಿಯನ್ನು ಗುತ್ತಿಗೆಗೆ ಪಡೆದು, ಕೊಡೆ ನೆಟ್ಟು, ಮರಳು ಬಾಚಿ, ಬಟ್ಟೆ ಬದಲಿಸುವ ಗೂಡುಗಳಿಗೆ ಬಣ್ಣ ಹೊಡೆದು, ಮುಳುಗುವವರ ಮೇಲೆ ಕಣ್ಣಿಟ್ಟು ನಡೆಸುವ ಉದ್ಯೋಗ. ಪ್ರತಿ ಪಟ್ಟಿಗೂ ನಂಬರು, ಊರಿನಲ್ಲಿ ವಿಳಾಸ ಹೇಳುವುದೇ ಆ ನಂಬರಿನಿಂದ. ಒಂದು ಸಂಸಾರ ಒಂದು ವರ್ಷ ಮೂರನೇ ಸಾಲಿನ ಕೊಡೆಯಡಿ ಕೂತರೆ ಮರುವರ್ಷವೂ ಅದೇ ಕೊಡೆ. ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಕರೆತಂದರೂ ಅದೇ ಸಾಲು.

ದಂಡೆ ಇಷ್ಟು ಉದ್ದ, ಜನ ಇಷ್ಟು ಗಿಜಿಗಿಜಿ, ಕೊಡೆಗಳೆಲ್ಲ ಒಂದೇ ಥರ ಇದ್ದಾಗ ಮಕ್ಕಳು ತಪ್ಪಿಸಿಕೊಳ್ಳದೆ ಇರುತ್ತಾರೆಯೇ? ಅದಕ್ಕಾಗಿ 1946ರಿಂದ ‘ಪುಬ್ಲಿಫೋನೊ’ ಎಂಬ ಧ್ವನಿವರ್ಧಕ ಸೇವೆ ಹುಟ್ಟಿಕೊಂಡಿತು. ದಂಡೆಯುದ್ದಕ್ಕೂ ಕಂಬಗಳ ಮೇಲೆ ಭೋಂಗಾಗಳು. ಇಂಥ ಹೆಸರಿನ, ಇಂಥ ಬಣ್ಣದ ಚಡ್ಡಿಯ ಮಗು ಇಷ್ಟನೇ ನಂಬರಿನ ಪಟ್ಟಿಯಲ್ಲಿ ಅಳುತ್ತಾ ಕೂತಿದೆ, ತಂದೆತಾಯಿ ಬನ್ನಿ ಅಂತ ಪ್ರಕಟಣೆ. ಇಟಾಲಿಯನ್ನಿನಲ್ಲಿ ಹೇಳಿ, ಆಮೇಲೆ ಜರ್ಮನ್ನಿನಲ್ಲಿ, ಬೇರೆ ಭಾಷೆಗಳಲ್ಲಿ. ಪ್ರಕಟಣೆಗಳ ನಡುವೆ ಜಾಹೀರಾತು. ಮೈಕಿನ ಮುಂದೆ ಕೂತು ಮಾತಾಡುತ್ತಿರುವ ನನಗೆ ಈ ಸೇವೆಯ ಮೇಲೆ ವಿಶೇಷ ಗೌರವ. ಪ್ರಸಾರ ಮುಗಿಯುವಷ್ಟರಲ್ಲಿ ಕೇಳುಗರು ಓಡಿ ಬಂದು ಮಗುವನ್ನು ಎತ್ತಿಕೊಳ್ಳುತ್ತಾರೆಂದರೆ, ಯಾವ ಬಾನುಲಿ ನಿಲಯಕ್ಕೆ ಅಂಥ ಭಾಗ್ಯ ಇದೆ ಹೇಳಿ!

ಜರ್ಮನ್ ಭಾಷೆಯಲ್ಲಿ ಪ್ರಕಟಣೆ ಏಕೆ ಅಂತ ಕೇಳಬಹುದು. ಯುದ್ಧ ಮುಗಿದು ಹತ್ತು ವರ್ಷ ಆಗಿರಲಿಲ್ಲ, ಜರ್ಮನ್ನರು ಮತ್ತೆ ಬಂದರು, ಈ ಸಲ ಟವೆಲು ಹಿಡಿದು. ಪಶ್ಚಿಮ ಜರ್ಮನಿಯಲ್ಲಿ ಕಾರ್ಖಾನೆಗಳು ಚಿಗುರಿದ್ದವು, ಸಂಬಳಸಹಿತ ರಜೆ ಸಿಗುತ್ತಿತ್ತು, ಮನೆಗೊಂದು ಫೋಕ್ಸ್‌ವ್ಯಾಗನ್ ಬರತೊಡಗಿತ್ತು. ಬ್ರೆನ್ನರ್ ಕಣಿವೆ ದಾಟಿದರೆ ಇಟಲಿ, ಇನ್ನರ್ಧ ದಿನಕ್ಕೆ ಬಿಸಿಲು. ಹೆದ್ದಾರಿ 1966ರಲ್ಲಿ ರಿಮಿನಿಯನ್ನು ಮುಟ್ಟಿತು. ಮರಳಿನ ಮೇಲೆ ಸಾಲಾಗಿ ಮಲಗಿ ಕೆಂಪಗಾಗುವ ತಮ್ಮ ಜನರನ್ನು ನೋಡಿ ಜರ್ಮನ್ನರೇ ಈ ದಂಡೆಯನ್ನು ‘ಟ್ಯೂಟನ್ನರ ಗ್ರಿಲ್’ ಅಂತ ಗೇಲಿ ಮಾಡಿದರು. ಹತ್ತು ವರ್ಷ ಹಿಂದೆ ಜರ್ಮನ್ ಕಾವಲಿನ ಕೆಳಗೆ ನಡುಗಿದ್ದ ಬಾನ್ಯಿನೊ ಈಗ ಜರ್ಮನ್ ಕಲಿತು, ಅತಿಥಿಗಳ ಮಕ್ಕಳಿಗೆ ಈಜು ಕಲಿಸಿದ. ಕ್ರಿಸ್‌ಮಸ್ಸಿಗೆ ಎರಡೂ ಮನೆಗಳ ನಡುವೆ ಕಾರ್ಡುಗಳು ಓಡಾಡುತ್ತಿದ್ದವು. ಯುರೋಪಿನ ರಾಜಿಯ ಇತಿಹಾಸ ಬರೆಯುವವರು ಒಪ್ಪಂದಗಳ ದಿನಾಂಕ ಹಾಕುತ್ತಾರೆ; ಈ ಕಾರ್ಡುಗಳನ್ನೂ ಸ್ವಲ್ಪ ನೋಡಬೇಕು.

ಊರು ಬೆಳೆದ ಪರಿ ಮಾತ್ರ ಅಂದವಲ್ಲ. ಯೋಜನೆ ಇಲ್ಲ, ಅಗಲವಾದ ರಸ್ತೆ ಇಲ್ಲ, ಹೋಟೆಲಿಗೆ ಹೋಟೆಲು ಅಂಟಿಕೊಂಡು ಹಳಿಗೂ ಕಡಲಿಗೂ ನಡುವಿನ ಪಟ್ಟಿ ತುಂಬಿತು. ಅರವತ್ತರ ದಶಕದಲ್ಲಿ ನೃತ್ಯಶಾಲೆಗಳು ಬಂದವು, ಎಂಬತ್ತರ ದಶಕದಲ್ಲಿ ರಿಮಿನಿ ಎಂದರೆ ಇಟಲಿಯ ಹುಡುಗರಿಗೆ ಡಿಸ್ಕೊ ಎಂದೇ ಅರ್ಥ. ಬಾವಿಗಳಿಂದ ಅಂತರ್ಜಲ ಎತ್ತಿ ಎತ್ತಿ ನೆಲ ಕುಸಿಯಿತು. ಕಟ್ಟಡಗಳಿಗಾಗಿ ನದಿಗಳ ಜಲ್ಲಿ ತೋಡಿದ್ದರಿಂದ ದಂಡೆಗೆ ಬರುವ ಮರಳೇ ಕಡಿಮೆಯಾಯಿತು. ಬಂಡವಾಳವನ್ನೇ ಕರಗಿಸಿ ಮಳಿಗೆ ಕಟ್ಟಿದರು.

ಲೆಕ್ಕ ಚುಕ್ತಾ ಮಾಡಲು ಸಮುದ್ರವೇ ಬಂತು. ಪೊ ನದಿ ಉತ್ತರ ಇಟಲಿಯ ಹೊಲಗಳ ಗೊಬ್ಬರ, ನಗರಗಳ ಸಾಬೂನಿನ ಫಾಸ್ಫೇಟು, ಹಂದಿ ಸಾಕಣೆಯ ಕೊಳೆ, ಎಲ್ಲವನ್ನೂ ತಂದು ಆಡ್ರಿಯಾಟಿಕ್‌ಗೆ ಸುರಿಯುತ್ತದೆ. ಸಮುದ್ರ ಇಲ್ಲಿ ಆಳವಿಲ್ಲ, ಬೇಸಿಗೆಯಲ್ಲಿ ನೀರು ಅಲುಗಾಡುವುದೂ ಕಡಿಮೆ. ಪಾಚಿ ಎಪ್ಪತ್ತರ ದಶಕದಿಂದಲೇ ಕಾಟ ಕೊಡುತ್ತಿತ್ತು. 1989ರ ಬೇಸಿಗೆಯಲ್ಲಿ ಸೂಕ್ಷ್ಮ ಪಾಚಿಗಳು ಸ್ರವಿಸಿದ ಲೋಳೆ ನೀರ ಮೇಲೆ ಹಾಸಿ, ಮೈಲುಗಟ್ಟಲೆ ಕಂದು ಪದರವಾಯಿತು. ವಿಷವೇನಲ್ಲ, ಆದರೆ ಅದರೊಳಗೆ ಮಗುವನ್ನು ಬಿಡುವವರು ಯಾರು? ಟೆಲಿವಿಷನ್ ಚಿತ್ರಗಳು ಯುರೋಪೆಲ್ಲ ಹರಡಿದವು, ಬುಕಿಂಗುಗಳು ರದ್ದಾದವು. ಮೂರು ತಲೆಮಾರಿನ ಅತಿಥಿಗಳು ಒಂದೇ ಬೇಸಿಗೆಯಲ್ಲಿ ಬೇರೆ ಸಮುದ್ರ ಹುಡುಕಿಕೊಂಡರು.

ಆಮೇಲಿನ ರಿಮಿನಿ ಪೆಟ್ಟು ತಿಂದು ಬುದ್ಧಿ ಕಲಿತ ಊರು, ಕಲಿತದ್ದು ನಿಧಾನವಾಗಿ. ಜೋರು ಮಳೆ ಬಂದಾಗ ಚರಂಡಿ ನೀರು ನೇರ ದಂಡೆಗೆ ಬಂದು ಬೀಳುವ 11 ತೂಬುಗಳಿದ್ದವು. ಅವನ್ನು ಮುಚ್ಚುವ ದೊಡ್ಡ ಯೋಜನೆ 2013ರಲ್ಲಿ ಶುರುವಾಯಿತು. ಕಡಲದಾರಿಯ ಒಂದು ಚೌಕದ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಹೂತು, ಅದರ ಮೇಲೆ ಸಮುದ್ರ ನೋಡುವ ಮೆಟ್ಟಿಲು ಜಗಲಿ ಕಟ್ಟಿದ್ದಾರೆ. ಪ್ರವಾಸಿಗಳು ಅಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತಾರೆ, ತಮ್ಮ ಕೆಳಗೆ ಏನಿದೆ ಎಂದು ಕೇಳುವುದಿಲ್ಲ. ದಂಡೆಗುಂಟ ಓಡುತ್ತಿದ್ದ ಕಾರುಗಳನ್ನು ತೆಗೆದು ಉದ್ಯಾನ ಮಾಡುತ್ತಿದ್ದಾರೆ. ಹಳಿಯ ಆಚೆಯ ಹಳೆಯ ಊರಿನ ಮೇಲೂ ಗಮನ ಬಿದ್ದಿದೆ. ವೆರ್ದಿಯ ರಂಗಮಂದಿರ 75 ವರ್ಷ ಹಾಳುಬಿದ್ದಿದ್ದು 2018ರಲ್ಲಿ ಮತ್ತೆ ತೆರೆಯಿತು. ಹುಡುಗ ಫೆಲಿನಿ ಸಿನಿಮಾ ನೋಡುತ್ತಿದ್ದ ಫುಲ್ಗೊರ್ ಚಿತ್ರಮಂದಿರವೂ ಅದೇ ವರ್ಷ ಬಾಗಿಲು ತೆರೆಯಿತು, 2021ರಲ್ಲಿ ನರಕವಾಸಿ ಸಿಜಿಸ್ಮೊಂದೊನ ಕೋಟೆಯೊಳಗೆ ಫೆಲಿನಿ ಮ್ಯೂಸಿಯಂ ಬಂತು. ಬೇಲಿಯಾಚೆಯಿಂದ ನೋಡಿದ ಗ್ರ್ಯಾಂಡ್ ಹೋಟೆಲಿನಲ್ಲಿ ಫೆಲಿನಿ ಮುಂದೆ ಅತಿಥಿಯಾಗಿ ಇಳಿಯುತ್ತಿದ್ದ; 1993ರ ಆಗಸ್ಟಿನಲ್ಲಿ ಅವನಿಗೆ ಪಾರ್ಶ್ವವಾಯು ಬಡಿದದ್ದೂ ಅಲ್ಲೇ. ಅಕ್ಟೋಬರ್ ಕೊನೆಗೆ ರೋಮಿನಲ್ಲಿ ತೀರಿಕೊಂಡ, ಮಣ್ಣಾದದ್ದು ರಿಮಿನಿಯಲ್ಲಿ.

ಈಗ ದಂಡೆಯ ಮೇಲೆ ನಡೆದಿರುವ ಜಗಳ ಬೇರೆ. ಮರಳು ಸರ್ಕಾರದ್ದು ಅಂದೆನಲ್ಲ, ಬಾನ್ಯಿನೊಗಳ ಗುತ್ತಿಗೆ ತಾನಾಗಿ ನವೀಕರಣವಾಗುತ್ತಾ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಬಂದಿದೆ. ಸಾರ್ವಜನಿಕ ಆಸ್ತಿಯನ್ನು ಹೀಗೆ ಮನೆತನಕ್ಕೆ ಕೊಡುವಂತಿಲ್ಲ, ಬಹಿರಂಗ ಹರಾಜು ಕರೆಯಿರಿ ಅಂತ ಯುರೋಪಿಯನ್ ಒಕ್ಕೂಟದ 2006ರ ನಿರ್ದೇಶನ ಹೇಳುತ್ತದೆ. ಇಟಲಿಯ ಸರ್ಕಾರಗಳು ವರ್ಷ ವರ್ಷ ಮುಂದೂಡುತ್ತಾ ಬಂದಿವೆ. 2024ರ ಕಾನೂನು ಗಡುವನ್ನು 2027ರ ಸೆಪ್ಟೆಂಬರಿಗೆ ತಳ್ಳಿದೆ. ಹರಾಜಾದರೆ ದೊಡ್ಡ ಕಂಪನಿಗಳು ಬಂದು ದಂಡೆ ನುಂಗುತ್ತವೆ ಅನ್ನುವುದು ಬಾನ್ಯಿನೊಗಳ ಅಳಲು. ಜುಜುಬಿ ಗುತ್ತಿಗೆ ಹಣ ಕಟ್ಟಿ ಊರಿನ ಸ್ವತ್ತಿನಿಂದ ದುಡಿಯುತ್ತಿದ್ದಾರೆ, ಬಿಟ್ಟಿಯಾಗಿ ಕೂರಲು ಬಡವರಿಗೆ ಜಾಗವೆಲ್ಲಿ ಅನ್ನುವುದು ಎದುರು ವಾದ. ಎರಡೂ ಮಾತಿನಲ್ಲಿ ನಿಜವಿದೆ. ನೆಲಬಾಂಬಿನ ದಂಡೆಯನ್ನು ಹಸನು ಮಾಡಿದವರ ಮೊಮ್ಮಕ್ಕಳಿಗೆ ಏನೂ ಹಕ್ಕಿಲ್ಲ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಹಾಗಂತ ಹಕ್ಕು ಎಷ್ಟು ತಲೆಮಾರಿನವರೆಗೆ ಅನ್ನುವ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಅಲೆ ಬಂದು ತಾಗುವ ಅಂಚಿನ ಪಟ್ಟಿ ಮಾತ್ರ ಕಾನೂನಿನ ಪ್ರಕಾರ ಎಲ್ಲರದು, ಅಲ್ಲಿ ಯಾರು ಬೇಕಾದರೂ ನಡೆಯಬಹುದು.

2024ರ ಆಗಸ್ಟ್ 9ರಂದು ಇಟಲಿಯ ಅನೇಕ ದಂಡೆಗಳಲ್ಲಿ ಬಾನ್ಯಿನೊಗಳು ಮುಷ್ಕರ ಹೂಡಿದರು. ಮುಷ್ಕರ ಅಂದರೆ, ಬೆಳಗ್ಗೆ ಎರಡು ಗಂಟೆ ತಡವಾಗಿ ಕೊಡೆ ಬಿಚ್ಚುವುದು. ಎಲ್ಲರೂ ಸೇರಲಿಲ್ಲ. ಕೆಲವರು ಅತಿಥಿಗಳ ಮುಖ ನೋಡಿ ಮಾಮೂಲಿನ ಹೊತ್ತಿಗೇ ಬಿಚ್ಚಿದರು. ಒಂಬತ್ತೂವರೆಗೆ ಮುಷ್ಕರ ಮುಗಿಯಿತು, ಉಳಿದವರೂ ಕೊಡೆ ಬಿಚ್ಚಿದರು.